ರೋಗಿಯ ಕಡೆಯವಳು

ಅವಳನ್ನು ಎಲ್ಲರೂ ಅತ್ತೆ ಎನ್ನುತ್ತಿದ್ದರು. ಅಣ್ಣನ ಮಗಳು ಮಾತು ಕಲಿಯುವಾಗ ಹಾಗೆ ಕರೆದದ್ದು, ಆಮೇಲೆ ಅಕ್ಕಪಕ್ಕದವರಿಗೂ ಅದೇ ರೂಢಿಯಾಯಿತು, ಕೊನೆಗೆ ಆಸ್ಪತ್ರೆಯ ನರ್ಸುಗಳಿಗೂ. ಮದುವೆಯಾಗಿರಲಿಲ್ಲ. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು ಬಟ್ಟೆ ಅಂಗಡಿಯೊಂದರ ಅಂಗಿಗಳಿಗೆ ಕಾಜ ಹೊಲಿದು ಗುಂಡಿ ಹಾಕಿಕೊಡುತ್ತಿದ್ದಳು. ಚೀಲಕ್ಕೆ ತುಂಬಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಕೆಲಸ. ಅದೇ ಅವಳಿಗೆ ಮುಳುವಾಯಿತು. ಹಾಗೆ ಒಯ್ಯಬಹುದಾದದ್ದನ್ನು ಮನೆಯವರು ಕೆಲಸವೆಂದು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಶುರುವಾದದ್ದು ಅಮ್ಮನಿಂದ. ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆದಾಗ ಅಣ್ಣನಿಗೆ ಹೊಸ ನೌಕರಿ, ತಮ್ಮನಿಗೆ ಪರೀಕ್ಷೆ. ಪರೀಕ್ಷೆ ಇವಳಿಗೂ ಇತ್ತು, ಆದರೆ ಅದು ಯಾರಿಗೂ ನೆನಪಾಗಲಿಲ್ಲ. ಆಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ನೋಡಲು ಬರಬೇಕಿದ್ದ ಗಂಡಿನ ಕಡೆಯವರಿಗೆ ಇನ್ನೊಂದು ದಿನ ಬನ್ನಿ ಎಂದು ಹೇಳಿ ಕಳಿಸಿದರು. ಅವರು ಬೇರೆ ಮನೆಗೆ ಹೋದರು. ಅಪ್ಪ ಹೋದ ಮೇಲೆ ಅತ್ತಿಗೆಯ ಹೆರಿಗೆ, ಬೈಕಿನಿಂದ ಬಿದ್ದ ತಮ್ಮನ ಕಾಲು, ಅಣ್ಣನ ಹರ್ನಿಯಾ. “ನಮ್ಮಕ್ಕನಿಗೆ ಆಸ್ಪತ್ರೆ ಅಂದ್ರೆ ತವರುಮನೆ ಇದ್ದ ಹಾಗೆ” ಎಂದು ತಮ್ಮ ನೆಂಟರ ಮುಂದೆ ನಗೆಯಾಡುತ್ತಿದ್ದ. ನಗುವವರಲ್ಲಿ ಅವಳೂ ಇರುತ್ತಿದ್ದಳು.

ಆಸ್ಪತ್ರೆ ಒಂದು ಟ್ರಸ್ಟಿನದು. ಸುತ್ತಲ ಊರುಗಳಲ್ಲೆಲ್ಲ ಅದರ ಶಾಖೆಗಳು, ಹಳ್ಳಿಗಳಿಗೆ ಹೋಗುವ ವ್ಯಾನುಗಳು. ಇದು ಲಾಭಕ್ಕಾಗಿ ನಡೆಸುವ ಸಂಸ್ಥೆಯಲ್ಲ ಎಂದು ಬಾಗಿಲಲ್ಲೇ ದೊಡ್ಡದಾಗಿ ಬರೆದಿದ್ದರು. ಸುಳ್ಳೇನಲ್ಲ. ಡಾಕ್ಟರುಗಳು ಒಳ್ಳೆಯವರು, ಬಿಲ್ಲೂ ಕೈಗೆಟುಕುವಂಥದ್ದು. ಅಷ್ಟು ಕಡಿಮೆಯಲ್ಲಿ ಅದು ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಿದ್ದವರು ಬಗ್ಗಿ ಮಂಚಗಳ ಕೆಳಗೆ ನೋಡಬೇಕಿತ್ತು. ಪ್ರತಿ ಮಂಚದ ಕೆಳಗೂ ಒಂದು ಚಾಪೆ, ಚಾಪೆಯ ಮೇಲೆ ಒಬ್ಬಳು ಹೆಂಗಸು.

“ಏಳನೇ ಬೆಡ್ ಕಡೆಯವರು ಯಾರಮ್ಮಾ?” ಎಂದು ನರ್ಸು ಕೂಗಿದರೆ ಆ ಹೆಂಗಸು ಎದ್ದು ನಿಲ್ಲಬೇಕು. ಡ್ರಿಪ್ಪು ಮುಗಿಯುವ ಮೊದಲೇ ಹೇಳಬೇಕು. ಮಲಗಿದವರನ್ನು ಏಳಿಸದೆ ಪಕ್ಕಕ್ಕೆ ಹೊರಳಿಸಿ ಹಾಸಿಗೆಯ ಬಟ್ಟೆ ಬದಲಿಸಬೇಕು, ಮೂತ್ರದ ಪಾತ್ರೆ ಇಟ್ಟು ಮುಖ ತಿರುಗಿಸಿ ನಿಲ್ಲಬೇಕು, ಬೆಳಿಗ್ಗೆ ಬಚ್ಚಲಿನ ಸಾಲಿನಲ್ಲಿ ಬಕೆಟ್ಟಿಟ್ಟು ಜಾಗ ಹಿಡಿಯಬೇಕು. ನೋಡಲು ಬಂದವರು ಸ್ಟೂಲಿನ ಮೇಲೆ ಕೂರುತ್ತಿದ್ದರು, ಅತ್ತೆ ನಿಂತುಕೊಂಡು ಅವರು ತಂದ ಹಣ್ಣನ್ನೇ ಹೆಚ್ಚಿ ಅವರಿಗೇ ಕೊಡುತ್ತಿದ್ದಳು. “ಪಾಪ, ಎಷ್ಟು ಸೊರಗಿಬಿಟ್ಟಿದ್ದಾರೆ!” ಎಂದು ಅವರು ಹೇಳುತ್ತಿದ್ದುದು ಮಲಗಿದವರನ್ನು ನೋಡಿ.

ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿರಲಿಲ್ಲ. ಗಂಡಸರ ವಾರ್ಡಿನಲ್ಲಿ ಹೆಂಗಸರು ಉಳಿಯಬಹುದಿತ್ತು. ಉಳಿಯದಿದ್ದರೆ ಅಲ್ಲಿ ಮಾಡುವವರು ಯಾರು? ಅಣ್ಣನ ಹರ್ನಿಯಾ ಆಪರೇಷನ್ನಿಗೆ ಇವಳು ಒಂದು ವಾರ್ಡಿನ ತುಂಬ ಗಂಡಸರ ನಡುವೆ ಚಾಪೆ ಹಾಸಿಕೊಂಡು ಮಲಗಿದ್ದಳು. ಆಗ ಮನೆತನದ ಮರ್ಯಾದೆಗೆ ಏನೂ ಆಗಿರಲಿಲ್ಲ.

ನಲವತ್ತು ದಾಟಿದ ಮೇಲೆ ಅವಳಿಗೆ ಮುಟ್ಟಿನ ರಕ್ತ ನಿಲ್ಲದೆ ಹೋಗಲು ಶುರುವಾಯಿತು. ಬಹಳ ದಿನ ಯಾರಿಗೂ ಹೇಳಲಿಲ್ಲ. ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು, ಸೂಜಿಗೆ ದಾರ ಪೋಣಿಸಲೂ ಆಗದೆ, ಕೊನೆಗೆ ತನ್ನ ಸಲುವಾಗಿಯೇ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ, “ಗರ್ಭಕೋಶದಲ್ಲಿ ಗಡ್ಡೆ ಇದೆ. ಕೆಟ್ಟದ್ದಲ್ಲ, ತೆಗೆದರೆ ಸರಿಹೋಗುತ್ತೆ. ಆದ್ರೆ ಹೀಗೇ ರಕ್ತ ಹೋಗ್ತಿದ್ರೆ ಒಂದಿನ ಎಲ್ಲಾದ್ರೂ ಬಿದ್ದುಹೋಗ್ತೀರಿ. ತಡ ಮಾಡಬೇಡಿ” ಎಂದರು. ಆಪರೇಷನ್ನಿಗೆ ದಿನ ಗೊತ್ತುಮಾಡಿ ಚೀಟಿ ಬರೆಯುತ್ತ, “ಜೊತೆಗೆ ಒಬ್ಬ ಹೆಂಗಸನ್ನ ಕರ್ಕೊಂಡು ಬನ್ನಿ. ಕಡೆಯವರಿಲ್ಲದೆ ಆಪರೇಷನ್ನಿಗೆ ತಗೊಳ್ಳಲ್ಲ, ನಿಮಗೆ ಗೊತ್ತಲ್ಲ” ಎಂದು ಸೇರಿಸಿದರು.

ಗೊತ್ತಿತ್ತು.

ಅಂದು ಸಂಜೆ ಅಣ್ಣ ಟೀವಿಯ ಮುಂದಿದ್ದ. ಅತ್ತಿಗೆ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು.

“ಅಣ್ಣಾ, ಆಪರೇಷನ್ ಮಾಡ್ಬೇಕಂತೆ.”

“ಯಾರಿಗೆ?” ಎಂದ ಅಣ್ಣ ಗಾಬರಿಯಾಗಿ.

“ನನಗೆ.”

ಗಾಬರಿ ಇಳಿಯಿತು. “ನಿನಗೇನಾಗಿದೆ?”

ಅಣ್ಣನೆದುರು ಆ ಮಾತು ಬಾಯಿಂದ ಹೊರಡಲಿಲ್ಲ. ಅಡುಗೆಮನೆಯಲ್ಲಿ ಆಗಲೇ ಕೇಳಿ ತಿಳಿದುಕೊಂಡಿದ್ದ ಅತ್ತಿಗೆಯೇ ಹೇಳಿದಳು. ಅಣ್ಣ ಟೀವಿಯ ಸದ್ದು ಜಾಸ್ತಿ ಮಾಡಿದ.

ಅತ್ತಿಗೆ ಕೆಟ್ಟವಳಲ್ಲ. ನಿಜವಾದ ಕಷ್ಟವನ್ನೇ ಹೇಳಿದಳು. “ನಾನು ನಿನ್ನ ಜೊತೆ ಬಂದ್ರೆ ಇಲ್ಲಿ ಇವರಿಗೆ ಬೇಯಿಸಿ ಹಾಕೋರು ಯಾರು? ಇವರಿಗೆ ಗ್ಯಾಸ್ ಹಚ್ಚೋಕೂ ಬರಲ್ಲ.” ಹೇಳುವಾಗ ಅವಳ ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. ಹೆಚ್ಚಿದ ತರಕಾರಿಯನ್ನು ಪಾತ್ರೆಗೆ ಹಾಕುತ್ತ, “ಮದುವೇನೂ ಇಲ್ಲ, ಮಕ್ಕಳೂ ಇಲ್ಲ. ಅದು ಒಳಗಿದ್ರೇನು ಹೊರಗೆ ಬಂದ್ರೇನು, ಅಷ್ಟು ಅವಸರ ಯಾಕೆ?” ಎಂದಳು.

“ಮಗಳ ಹೆರಿಗೆ ಮುಗೀಲಿ” ಎಂದ ಅಣ್ಣ ಪರದೆಯ ಕಡೆಯೇ ನೋಡುತ್ತ. “ಆಮೇಲೆ ನೋಡೋಣ.”

ತಮ್ಮನಿಗೆ ಫೋನು ಮಾಡಿ, ಅವನ ಹೆಂಡತಿಯನ್ನು ಕಳಿಸಲು ಕೇಳಿದಳು. “ಅಯ್ಯೋ ಅಕ್ಕಾ, ಇವಳಿಗೆ ಆಸ್ಪತ್ರೆ ವಾಸನೇನೇ ಆಗಲ್ಲ. ಒಳಗೆ ಕಾಲಿಟ್ರೆ ತಲೆ ಸುತ್ತಿ ಬೀಳ್ತಾಳೆ. ಆಮೇಲೆ ನೀನೇ ಎದ್ದು ಅವಳನ್ನ ನೋಡ್ಕೋಬೇಕಾಗುತ್ತೆ” ಎಂದು ನಕ್ಕ. ಅವನ ಕಾಲಿನ ಗಾಯ ಕೀವಾಗಿ ನಾರುತ್ತಿದ್ದಾಗ ಪಕ್ಕದ ಬೆಡ್ಡಿನವರು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಅತ್ತೆ ಅದನ್ನು ನೆನಪಿಸಲಿಲ್ಲ. ಫೋನು ಇಟ್ಟಳು.

ಟ್ರಸ್ಟಿನಲ್ಲಿ ರೋಗಿ ಸೇವಾ ವಿಭಾಗ ಎಂದು ಒಂದಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಅಲ್ಲಿಂದ ಜೊತೆಗಾತಿಯರನ್ನು ಕೊಡುತ್ತಿದ್ದರು, ನೀಲಿ ಕೋಟಿನ ಹೆಂಗಸರು. ಆ ವಿಭಾಗ ನೋಡಿಕೊಳ್ಳುತ್ತಿದ್ದವಳು ಹೆಂಗಸರ ವಾರ್ಡಿನ ಹಿರಿಯ ಸಿಸ್ಟರ್, ಅತ್ತೆಯನ್ನು ಅಮ್ಮನ ಕಾಲದಿಂದ ಬಲ್ಲವಳು.

“ನನಗೂ ಒಬ್ಬಳನ್ನ ಕೊಡಿ ಸಿಸ್ಟರ್.”

ಸಿಸ್ಟರ್ ತಮಾಷೆ ಎಂದುಕೊಂಡಳು. “ನಿಮಗಾ? ನಿಮ್ಮ ಮನೇಲಿ ನನ್ನ ಕೈಲಿ ಇಂಜೆಕ್ಷನ್ ಚುಚ್ಚಿಸ್ಕೊಳ್ಳದೋರು ಯಾರಿದ್ದಾರೆ ಹೇಳಿ. ಇಡೀ ಸಂಸಾರಾನೇ ಕಂಡಿದ್ದೀನಿ. ನಿಮಗೆ ಯಾರೂ ಇಲ್ಲ ಅಂತ ಯಾವ ಬಾಯಲ್ಲಿ ಹೇಳಲಿ ಅತ್ತೆ?” ಎದುರಿನವಳು ನಗದೆ ಇದ್ದುದನ್ನು ನೋಡಿ ದನಿ ತಗ್ಗಿಸಿದಳು. “ಇದ್ದೋರಿಗೆಲ್ಲ ಕೊಡ್ತಾ ಹೋದ್ರೆ ಇಲ್ಲದೋರಿಗೆ ಸಾಲಲ್ಲ. ಒಂದು ಕೆಲಸ ಮಾಡಿ. ಮನೆಯವರು ಒಬ್ಬರು ಬಂದು, ನಮ್ಮಿಂದ ಆಗಲ್ಲ ಅಂತ ಒಂದು ಮಾತು ಹೇಳಲಿ. ಅಷ್ಟು ಸಾಕು.”

ಆ ಒಂದು ಮಾತು ಕೇಳಲು ಮನೆಗೆ ಬಂದಳು. ಅಣ್ಣ ಉರಿದುಬಿದ್ದ.

“ನಾವಿಷ್ಟು ಜನ ಗುಂಡುಕಲ್ಲಿನ ಹಾಗಿದ್ದೀವಿ! ನಮ್ಮಿಂದ ಆಗಲ್ಲ ಅಂತ ಆ ನರ್ಸಿನ ಮುಂದೆ ಹೋಗಿ ನಾನು ಹೇಳ್ಬೇಕಾ? ದಿಕ್ಕಿಲ್ಲದೋರ ಸಾಲಿನಲ್ಲಿ ನನ್ನ ತಂಗಿ ಮಲಗಿದ್ರೆ ನಾಲ್ಕು ಜನ ಏನಂತಾರೆ?”

“ಹಾಗಾದ್ರೆ ಅತ್ತಿಗೇನ ಕಳಿಸು.”

“ಅವಳು ಹೇಗೆ ಬರ್ತಾಳೆ?”

“ಹಾಗಾದ್ರೆ ಬಂದು ಹೇಳು.”

“ಒಂದೇ ಸಮ ಕೊರೀಬೇಡ. ಹೆರಿಗೆ ಮುಗೀಲಿ ಅಂದೆನಲ್ಲ.”

ಬರುವುದೂ ಇಲ್ಲ, ಬರುವುದಿಲ್ಲ ಎಂದು ಹೇಳುವುದೂ ಇಲ್ಲ. ಅತ್ತೆ ಕೋಣೆಗೆ ಹೋಗಿ ಕಾಜ ಹೊಲಿಯಲು ಕೂತಳು. ಹಳೆಯ ಬಟ್ಟೆಗಳನ್ನು ಹರಿದು, ಮಡಿಸಿ, ಒಂದರ ಮೇಲೊಂದು ಪೇರಿಸಿಟ್ಟುಕೊಂಡಳು. ಆಪರೇಷನ್ನಿಗೆ ಕೊಟ್ಟಿದ್ದ ದಿನ ಹಾಗೇ ಕಳೆದುಹೋಯಿತು.

ಹೆರಿಗೆ ಬಂತು. ಅಣ್ಣನ ಮಗಳಿಗೆ ಸಿಸೇರಿಯನ್ ಆಯಿತು, ಗಂಡು ಕೂಸು. ಜೊತೆಗೆ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ರೋಗಿಯ ಕಡೆಯವರಿಗೆ ಕೊಡುವ ಪಾಸು ಅತ್ತೆಯ ಕೊರಳಿಗೆ ಬಿತ್ತು. ಅತ್ತಿಗೆ ಮನೆಯಿಂದ ಊಟ ಕಟ್ಟಿ ಕಳಿಸುತ್ತಿದ್ದಳು, ಅಳಿಯ ಬಂದು ಕೂಸಿನ ಫೋಟೋ ತೆಗೆದುಕೊಂಡು ಹೋಗುತ್ತಿದ್ದ. ಅತ್ತೆ ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಫ್ಲಾಸ್ಕು ಹಿಡಿದು ಓಡಾಡಿದಳು. ನಡುನಡುವೆ ಬಚ್ಚಲಿಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬರುತ್ತಿದ್ದಳು. “ಎಷ್ಟು ಸಲ ಹೋಗ್ತೀಯ ಅತ್ತೆ, ನಾನು ಕರೆದಾಗೆಲ್ಲ ಇರಲ್ಲ ನೀನು” ಎಂದು ಅಣ್ಣನ ಮಗಳು ಮುಖ ಊದಿಸಿಕೊಂಡಳು.

ಬಾಣಂತಿಯನ್ನು ಮೊದಲ ಸಲ ನಡೆಸಬೇಕಿದ್ದ ಬೆಳಿಗ್ಗೆ, ಅವಳ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಎಬ್ಬಿಸಿದಳು. ಅವಳು ಎದ್ದಳು. ಇವಳು ಬಿದ್ದಳು. ಬಿಳಿ ಟೈಲಿನ ಮೇಲೆ ರಕ್ತ ಹರಿದದ್ದನ್ನು ಕಂಡು ಅಣ್ಣನ ಮಗಳು ತನ್ನದೇ ಹೊಲಿಗೆ ಬಿಚ್ಚಿತೆಂದು ಚೀರಿಕೊಂಡಳು.

ಕಣ್ಣು ಬಿಟ್ಟಾಗ ಅತ್ತೆ ಬಾಣಂತಿಯ ಪಕ್ಕದ ಮಂಚದ ಮೇಲಿದ್ದಳು, ಕೈಗೆ ರಕ್ತದ ಬಾಟಲಿ ಹತ್ತಿತ್ತು. ಡಾಕ್ಟರಮ್ಮ ಬೈದು ಹೋಗಿದ್ದರು. ಎರಡು ಬಾಟಲಿ ಏರಿಸಿ ಮರುದಿನವೇ ಆಪರೇಷನ್, ಇನ್ನು ಮನೆಗೆ ಕಳಿಸುವ ಮಾತೇ ಇಲ್ಲ. ಸಿಸ್ಟರ್ ಅವಳ ಕೊರಳಿನ ಪಾಸು ಬಿಚ್ಚಿ ಜೇಬಿಗೆ ಹಾಕಿಕೊಂಡು ಮನೆಗೆ ಫೋನು ಮಾಡಿದಳು. ಬಾಣಂತಿಯ ಹತ್ತಿರ ಈಗ ಯಾರೂ ಇಲ್ಲ, ಬನ್ನಿ.

ಒಂದು ಗಂಟೆ ಕಳೆಯುವುದರೊಳಗೆ ಅತ್ತಿಗೆ ಬಂದಿದ್ದಳು. ತಲೆ ಬಾಚಿರಲಿಲ್ಲ, ಚೀಲದಲ್ಲಿ ನಾಲ್ಕು ದಿನದ ಬಟ್ಟೆ. ಅಣ್ಣ ಹೋಟೆಲಿನಲ್ಲಿ ಊಟ ಮಾಡಿದ, ಸತ್ತೇನೂ ಹೋಗಲಿಲ್ಲ. ಆಗುವುದೇ ಇಲ್ಲ ಎಂದಿದ್ದದ್ದು ಒಂದು ಫೋನಿಗೆ ಆಯಿತು.

ಅತ್ತಿಗೆ ನೇರ ಮಗಳ ಮಂಚಕ್ಕೆ ಹೋಗಿ, ಕೂಸಿನ ಹೊಟ್ಟೆ ಮುಟ್ಟಿ ನೋಡಿ, ಆಮೇಲೆ ಈ ಕಡೆ ತಿರುಗಿದಳು. “ಇಷ್ಟು ಜೋರಿದೆ ಅಂತ ಬಾಯಿ ಬಿಟ್ಟು ಹೇಳಬಾರದಿತ್ತಾ?”

“ಇವರ ಕಡೆ ಯಾರು?” ಎಂದು ಸಿಸ್ಟರ್ ಅತ್ತೆಯ ಮಂಚ ತೋರಿಸಿದಳು.

“ನಾನೇ ಇದ್ದೀನಲ್ಲ, ಇಬ್ಬರನ್ನೂ ನೋಡ್ಕೋತೀನಿ.”

“ಆಗಲ್ಲಮ್ಮಾ. ಆಪರೇಷನ್ ಆದವರನ್ನ ಬಿಟ್ಟು ಕೂಸು ಅತ್ತಿತು ಅಂತ ಆ ಕಡೆ ಓಡ್ತೀರಿ. ಮನೆಯವರಾದ್ರೆ ಒಬ್ಬರಿಗೆ ಒಬ್ಬರು.”

ಅತ್ತಿಗೆ ಒಮ್ಮೆ ಮಗಳನ್ನು ನೋಡಿದಳು, ಒಮ್ಮೆ ಇವಳನ್ನು. ಆ ನೋಟಕ್ಕೆ ಅವಳನ್ನು ಬೈಯಲಾಗದು, ತಾಯಿ ತಾನೆ.

ಅತ್ತೆ ತಲೆದಿಂಬಿನಿಂದ ತಲೆ ಎತ್ತಿದಳು. “ನನ್ನ ಹತ್ತಿರ ಇರ್ತೀರಾ ಅತ್ತಿಗೆ?”

“ಹೇಗೆ ಇರಲಿ, ನೀನೇ ಹೇಳು.”

“ಹಾಗಾದ್ರೆ ಅದನ್ನೇ ಸಿಸ್ಟರಿಗೆ ಹೇಳಿ.”

“ನಿಮ್ಮಣ್ಣನಿಗೆ ಗೊತ್ತಾದ್ರೆ ನನ್ನ ಸುಮ್ನೆ ಬಿಡ್ತಾರಾ? ಬೇಡ ಕಣೇ.”

“ಹೇಳಿ ಅತ್ತಿಗೆ. ನಾಳೆ ನನ್ನನ್ನ ಒಳಗೆ ತಗೊಳ್ಳಲ್ಲ ಇಲ್ಲಾಂದ್ರೆ.”

ಸುತ್ತಲ ಚಾಪೆಗಳ ಹೆಂಗಸರೆಲ್ಲ ಕೈಗೆಲಸ ನಿಲ್ಲಿಸಿದ್ದರು. ಅತ್ತಿಗೆ ನೆಲ ನೋಡುತ್ತ, “ನಮ್ಮಿಂದ ಆಗಲ್ಲ” ಎಂದಳು. ಇನ್ನೊಮ್ಮೆ ಹೇಳಲು ಬಾಯಿ ತೆರೆದವಳನ್ನು ಸಿಸ್ಟರ್ ತಡೆದಳು. “ಸಾಕು, ಕೇಳಿಸ್ತು.”

ಸಂಜೆ ಅಣ್ಣ ಬಂದ. ಸುದ್ದಿ ಅಷ್ಟರಲ್ಲಿ ಮುಟ್ಟಿತ್ತು. ಇವಳ ಮಂಚಕ್ಕೆ ಬೆನ್ನು ಮಾಡಿ ಮೊಮ್ಮಗನನ್ನು ನೋಡಿದ. “ಕೆಲವರಿಗೆ ಮನೆಯ ಮಾನ ಬೀದಿಗೆ ಹಾಕೋದಂದ್ರೆ ಖುಷಿ” ಎಂದು ಕಿಟಕಿಗೆ ಹೇಳಿದ. ಹೊರಡುವಾಗ ಹೆಂಡತಿಗೆ, “ಬೇಗ ಬಾ. ಹೋಟೆಲ್ ಊಟ ಹೊಟ್ಟೆಗೆ ಆಗ್ತಿಲ್ಲ” ಎಂದ.

ಮರುದಿನ ಆಪರೇಷನ್ ಆಯಿತು. ಸಿಸ್ಟರ್ ಜೊತೆಗೆ ಕೊಟ್ಟ ನೀಲಿ ಕೋಟಿನವಳು ಹೆಚ್ಚು ಮಾತಾಡುವವಳಲ್ಲ. ಇನ್ನೂ ಮೂರು ಮಂಚ ಅವಳ ಪಾಲಿಗಿದ್ದವು, ಎಲ್ಲಿಯೂ ಸುಮ್ಮನೆ ನಿಲ್ಲುತ್ತಿರಲಿಲ್ಲ. ಮಡಿಸಿದ ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು, ಸೊಂಟದ ಕೆಳಗೆ ಕೈ ಕೊಟ್ಟು ನೋವಾಗದಂತೆ ಹೊರಳಿಸಿದಳು. ಕೆಲಸ ಬಲ್ಲ ಕೈ ಎಂದು ಅತ್ತೆಗೆ ಮುಟ್ಟಿದ ಕೂಡಲೇ ತಿಳಿಯಿತು. ಮೂತ್ರದ ಪಾತ್ರೆಯನ್ನು ಅತ್ತೆ ತಾನೇ ಸರಿಸಿಕೊಡಲು ಹೋದಾಗ, “ಬಿಡಿ, ಅದು ನನ್ನ ಕೆಲಸ” ಎಂದಳು ಅವಳು.

“ಇದಕ್ಕೆ ನಿಮಗೆ ಸಂಬಳ ಕೊಡ್ತಾರಾ?” ಎಂದು ಅತ್ತೆ ಕೇಳಿದಳು.

ಅವಳಿಗೆ ನಗು ಬಂತು. “ಕೊಡದೆ ಯಾರಾದ್ರೂ ಮಾಡ್ತಾರಾ ಅಮ್ಮಾ?”

ಅತ್ತೆಗೂ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ನಿಲ್ಲಿಸಿಕೊಂಡಳು.

ಅದರ ಮರುದಿನ ಮಧ್ಯಾಹ್ನ ಅತ್ತಿಗೆ ಬಿಸಿನೀರಿಗೆ ಕ್ಯಾಂಟೀನಿಗೆ ಹೋಗಿದ್ದಳು. ನೀಲಿ ಕೋಟಿನವಳು ಇನ್ನೊಂದು ಸಾಲಿನಲ್ಲಿದ್ದಳು. ತೊಟ್ಟಿಲಲ್ಲಿದ್ದ ಕೂಸು ಒದ್ದೆ ಮಾಡಿಕೊಂಡು ಅಳತೊಡಗಿತು.

“ಅತ್ತೇ” ಎಂದಳು ಅಣ್ಣನ ಮಗಳು ಪಕ್ಕದ ಮಂಚದಿಂದ. “ಸ್ವಲ್ಪ ಎತ್ಕೊಡೇ. ನನಗೆ ಬಗ್ಗೋಕಾಗ್ತಿಲ್ಲ.”

ಕೇಳಿದ್ದು ಕಿವಿ, ಇಳಿದದ್ದು ಕಾಲು. ಹೊದಿಕೆ ಸರಿದು ಅತ್ತೆಯ ಬಲಗಾಲು ಆಗಲೇ ಮಂಚದ ಅಂಚು ದಾಟಿ ನೆಲ ಹುಡುಕುತ್ತಿತ್ತು. ಹೊಟ್ಟೆಯಲ್ಲಿ ಚುಳುಕ್ಕೆಂದು ಹಿಡಿದು ಕಣ್ಣಲ್ಲಿ ನೀರು ಬಂದಾಗಲೇ ತಾನು ಏಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು.

“ಅತ್ತೇ, ಅಳ್ತಾ ಇದೆ ನೋಡು.”

ಎರಡು ಕೈಯಿಂದ ತೊಡೆ ಹಿಡಿದು ಕಾಲನ್ನು ಮೇಲೆತ್ತಿ ಹಾಸಿಗೆಯ ಮೇಲೆ ಇಟ್ಟುಕೊಂಡಳು, ಬೇರೆ ಯಾರದೋ ಕಾಲನ್ನು ಎತ್ತಿಡುವ ಹಾಗೆ.

“ಬೆಲ್ಲು ನಿನ್ನ ತಲೆ ಹತ್ತಿರಾನೇ ಇದೆ” ಎಂದಳು. “ಒತ್ತು.”

“ಏನಂದೆ?”

“ಒತ್ತು ಅಂದೆ. ಯಾರಾದ್ರೂ ಬರ್ತಾರೆ.”

ಬೆಲ್ಲು ಬಡಿದುಕೊಂಡಿತು. ಆ ವಾರ್ಡಿನಲ್ಲಿ ಬೆಲ್ಲಿಗೆ ಓಡಿಬರುವ ಅಭ್ಯಾಸ ಯಾರಿಗೂ ಇರಲಿಲ್ಲ, ಅದರ ಅಗತ್ಯವೇ ಬಿದ್ದಿರಲಿಲ್ಲ. ಕೂಸು ಕೆಂಪಾಗಿ, ಉಸಿರು ಕಟ್ಟಿ, ಮತ್ತೆ ಅತ್ತಿತು. ಅಣ್ಣನ ಮಗಳು ಇವಳನ್ನೇ ನೋಡುತ್ತಿದ್ದಳು, ಗುರುತಿಲ್ಲದವರನ್ನು ನೋಡುವ ಹಾಗೆ. ಅತ್ತೆ ಗೋಡೆಯ ಕಡೆ ಹೊರಳಲು ನೋಡಿದಳು. ಹೊಲಿಗೆ ಬಿಡಲಿಲ್ಲ. ಹೊರಳಿಸುವವಳು ಆಚೆ ಸಾಲಿನಲ್ಲಿದ್ದಳು. ಕೂಸಿನ ಮುಷ್ಟಿಗಳು ಗಾಳಿಯಲ್ಲಿ ಬಡಿದಾಡುವುದನ್ನು ನೋಡುತ್ತ ಹಾಗೇ ಮಲಗಿದ್ದಳು.