ಒಂದು ಕೆಟಲ್‌ಫುಲ್

ಅಕ್ಕೋರು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದರು. ಬೆರಳು ತೆಗೆದ ಮೇಲೂ, ಕಣಕದ ಮುದ್ದೆಗೆ ಒತ್ತಿದ ಹಾಗೆ, ಅಲ್ಲೊಂದು ಗುಳಿ ಉಳಿಯುತ್ತಿತ್ತು. ಗುಳಿ ಬೇಗ ತುಂಬಿಕೊಂಡರೆ ಒಳ್ಳೆಯ ದಿನ. ತಡವಾದರೆ ಎದುರು ಮನೆಯ ಕಿಟಕಿಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತ ನನಗೆ ದಾರ ಪೋಣಿಸಲೂ ಕೈ ಬರುತ್ತಿರಲಿಲ್ಲ. ನನ್ನದು ಮೊದಲೇ ಪುಕ್ಕಲು ಜೀವ.

ಬೈಲಹೊಂಗಲದ ನಮ್ಮ ಓಣಿಯ ಅರ್ಧ ಮಂದಿಗೆ ಇಂಗ್ಲಿಷ್ ಕಲಿಸಿದವರು ಅವರು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ, ಮಾಸ್ತರುಗಳಿಗೆ ಚಹಾ ತರುತ್ತಿದ್ದ ಪುಟ್ಟ ಅಲ್ಯುಮಿನಿಯಂ ಕೆಟಲನ್ನು ಎತ್ತಿಕೊಂಡೇ ಕ್ಲಾಸಿಗೆ ಬಂದರು. "ಇದು ತುಂಬ ಹಿಡಿಯೂವಷ್ಟಕ್ಕ ಇಂಗ್ಲಿಷಿನ್ಯಾಗ ಏನಂತಾರ?" ಎಂದು ಕೇಳಿ, ತಾವೇ "ಕೆಟಲ್‌ಫುಲ್" ಎಂದರು. ನಾವೆಲ್ಲ ಬಾಯಿ ಮುಚ್ಚಿ ನಕ್ಕೆವು.

"ಅಂಥಾ ಶಬ್ದ ಇಲ್ಲರಿ ಅಕ್ಕೋರ," ಎಂದೆ ನಾನು.

"ಐತಿ. ಡಿಕ್ಷನರಿ ಮೂಲ್ಯಾಗ ಕುಂತೈತಿ. ಯಾರೂ ಕರಿಯಂಗಿಲ್ಲ, ಅದಕ್ಕ ಹೊರಗ ಬಂದಿಲ್ಲ."

ನಿವೃತ್ತಿಯ ದಿನ ಶಾಲು, ಹಾರದ ಜೊತೆಗೆ ಆ ಕೆಟಲನ್ನೂ ಕೇಳಿ ಪಡೆದು ಮನೆಗೆ ತಂದರು.

ಆಮೇಲೆ ಅವರ ಹೃದಯ ದುರ್ಬಲವಾಯಿತು. ಕುಡಿದದ್ದು ಮೈಯಲ್ಲೇ ನಿಂತು ಉಸಿರು ಕಟ್ಟಿಸುತ್ತದೆ, ಹಾಗಾಗಿ ದಿನಕ್ಕೆ ಇಷ್ಟೇ ಎಂದು ಬೆಳಗಾವಿಯ ಡಾಕ್ಟರು ಒಂದು ಬಾಟಲಿ ತೋರಿಸಿ ಕಳಿಸಿದರು. ಮನೆಗೆ ಬಂದು ಸುರಿದು ನೋಡಿದರೆ ಕೆಟಲಿಗೆ ಸರಿಯಾಯಿತು. "ನೋಡವಾ, ಆ ಶಬ್ದ ಕಡೀಕ ಹೊರಗ ಬಂತು," ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಬೆಳಿಗ್ಗೆ ಕೆಟಲು ತುಂಬಿಡುವುದು, ಕುಡಿಯುವ ನೀರು ಅದರಿಂದಲೇ. ಬೇರೆ ಏನು ಕುಡಿದರೂ, ಚಹಾ, ಮಜ್ಜಿಗೆ, ಸಾರು, ಕುಡಿದಷ್ಟೇ ನೀರನ್ನು ಕೆಟಲಿನಿಂದ ತುಳಸಿಗೆ ಸುರಿಯುವುದು. ಕೆಟಲು ಬರಿದಾದರೆ ಅಂದಿನ ಪಾಲು ಮುಗಿಯಿತು. ನಮ್ಮಲ್ಲಿ ಚಹಾ ಕುಡಿಸದೆ ಯಾರನ್ನಾದರೂ ಎಬ್ಬಿಸಿ ಕಳಿಸುವುದುಂಟೆ? ಒತ್ತಾಯ ಮಾಡಿದವರಿಗೆ ಅವರು, "ಅರ್ಧ ಕಪ್ಪ ಹಾಕವಾ, ತುಳಸೀಗೂ ಅರ್ಧ ಕಪ್ಪ ಕೊಡಬೇಕು," ಎನ್ನುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಬಾಯಲ್ಲೊಂದು ಲವಂಗ ಇಟ್ಟುಕೊಂಡು ಕೂತಿರುತ್ತಿದ್ದರು. "ನೀರಡಿಕಿ ಅಂದ್ರ ಕ್ಲಾಸಿನ್ಯಾಗಿನ ಗದ್ದಲ ಇದ್ದಂಗ. ಗದರಿಸಿದ್ರ ಒಂದೀಟು ಸುಮ್ಮನಾಗತೈತಿ." ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುವುದು ನನ್ನ ಕಿಟಕಿಗೂ ಕಾಣುತ್ತಿತ್ತು.

ಆ ಬೇಸಿಗೆಯಲ್ಲಿ ಕಾಲಿನ ಗುಳಿ ತುಂಬಿಕೊಳ್ಳುವುದನ್ನೇ ಬಿಟ್ಟಿತು. ಹೆಚ್ಚು ಕುಡಿಯುತ್ತಿದ್ದೀರಾ ಎಂದು ಡಾಕ್ಟರು ಕೇಳಿದರೆ "ಒಂದು ಕೆಟಲ್‌ಫುಲ್, ಅಷ್ಟ," ಎಂದರು. ಮಾತ್ರೆ ಬದಲಾದವು, ಉಪ್ಪು ಇನ್ನೂ ಕಡಿಮೆಯಾಯಿತು, ಬಾವು ಮಾತ್ರ ತೊಡೆಗೇರಿತು. ಕೊನೆಗೆ ಒಂದು ಮುಂಜಾನೆ ಅವರಿಗೆ ಒಂದು ಶಬ್ದವನ್ನೂ ಪೂರ್ತಿ ಆಡಲಾಗಲಿಲ್ಲ. ಕಾರು ಮಾಡಿಕೊಂಡು ದವಾಖಾನೆಗೆ ಸೇರಿಸಿದೆವು. ಹೊರಗಿನ ಬೆಂಚಿನ ಮೇಲೆ ಅವ್ವ ಕಣ್ಣೊರೆಸಿಕೊಳ್ಳುತ್ತ ಹೇಳಿದಳು:

"ಅಕ್ಕೋರಿಗೆ ಬಗ್ಗಾಕ ಆಗಂಗಿಲ್ಲಂತ ಈ ಬ್ಯಾಸಿಗ್ಯಾಗ ದಿನಾ ಸಂಜೀಕ ಅವರ ಮನ್ಯಾಗ ದೀಪಾ ಹಚ್ಚಿ, ಆ ಕಿಟ್ಲಿ ತುಂಬಿಸಿಟ್ಟ ಬರತಿದ್ದೆ. ದೀಪದ ಮುಂದ ಖಾಲಿ ಪಾತ್ರಿ ಇರಬಾರದು ಅಂತ. ಆದ್ರೂ ಹಿಂಗ್ಯಾಕಾತು?"

ಹಾಗಾದರೆ ದಿನಕ್ಕೆ ಒಂದಲ್ಲ, ಎರಡು ಕೆಟಲು. ಅವ್ವನ ಲೆಕ್ಕದಲ್ಲಿ ಅದು ಮನೆಗೆ ಶುಭವಾಗಲೆಂದು ತುಂಬಿಟ್ಟ ನೀರು. ಅದನ್ನು ಅಕ್ಕೋರು ಕುಡಿಯುತ್ತಾರೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಉಸಿರು ಹದಕ್ಕೆ ಬಂದ ಮೇಲೆ ಅಕ್ಕೋರನ್ನೇ ಕೇಳಿದೆ. ಅವರು ಗೋಡೆಯ ಕಡೆ ಮುಖ ಮಾಡಿದರು.

"ಗೊತ್ತಿತ್ತವಾ. ಖಾಲಿ ಮಾಡಿಟ್ಟಾಕಿ ನಾನ. ತಿರುಗಿ ನೋಡಿದ್ರ ತುಂಬಿರತಿತ್ತು. ಕೇಳಿದ್ರ ಆ ನೀರೂ ಹೋಗತೈತಿ ಅಂತ ಕೇಳಲಿಲ್ಲ." ಆಮೇಲೆ ನನ್ನ ಕಡೆ ಹೊರಳಿ, "ನಿಮ್ಮವ್ವಗ ಹೇಳಬ್ಯಾಡ. ದೀಪಾ ಹಚ್ಚೂದ ಬಿಟ್ಟಬಿಡತಾಳ," ಎಂದರು.

ನನಗೆ ಸಿಟ್ಟು ಬಂತು. ಕಾಪಿ ಹೊಡೆದ ಹುಡುಗಿಯ ಹಾಗೆ ಕೂತಿದ್ದ ಅವರನ್ನು ನೋಡಿ ಅಳುವೂ ಬಂತು. ಅವರ ಮಾತು ಮೀರಲಿಲ್ಲ. ಅವರು ಮನೆಗೆ ಮರಳಿದ ಮೇಲೆ, ಬೂದಿ ಹಚ್ಚಿ ತಿಕ್ಕಬೇಕು ಎಂದು ಅವ್ವನಿಗೆ ನೆಪ ಹೇಳಿ ಸಂಜೆಯಾಗುವ ಮೊದಲೇ ಕೆಟಲನ್ನು ನಮ್ಮ ಮನೆಗೆ ತಂದುಬಿಡುತ್ತಿದ್ದೆ. ಅವ್ವ ಒಮ್ಮೆಯೂ ಯಾಕೆಂದು ಕೇಳಲಿಲ್ಲ. ಮುಂದೆ ಅಕ್ಕೋರಿಗೆ ಏಳಲಾಗದಾದಾಗ ಕೆಟಲಿನ ಕೆಲಸವನ್ನು ತಾನೇ ವಹಿಸಿಕೊಂಡಳು. ಡಾಕ್ಟರಿಗಿಂತ ಬಿಗಿ. ಮಾತ್ರೆ ನುಂಗಲು ಕೊಟ್ಟ ಗುಟುಕು ಹಾಲಿಗೂ ಅಷ್ಟೇ ನೀರು ತುಳಸಿಗೆ ಹೋಗುತ್ತಿತ್ತು. ಅವಳಿಗೆ ಎಷ್ಟು ತಿಳಿದಿತ್ತೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ಮೂರನೆಯ ದಿನ, ಊಟದ ಹೊತ್ತು ಮೀರಿತ್ತು. ಬಾಯಿಗೆ ಗಂಗೆ ಬಿಡಿ ಎಂದು ಬಾಗಿಲಲ್ಲಿ ನಿಂತ ಯಾರೋ ಅಂದರು. ದೇವರ ಮುಂದಿನ ಗಿಂಡಿಯನ್ನು ತಂದ ಅವ್ವ ಚಮಚ ಹಿಡಿದು ಹಿಂದೆಮುಂದೆ ನೋಡಿದಳು.

"ಕೊಡ್ಲೇನ್ರಿ ಅಕ್ಕೋರ? ಒಂದ ಚಮಚ?"

ಅಕ್ಕೋರು ಕಣ್ಣು ತೆರೆದು ಅವ್ವನನ್ನು ನೋಡಿದರು. ನೀರು ಗಂಟಲಲ್ಲಿ ಇಳಿಯಿತು. ಅವ್ವ ಮೆಲ್ಲಗೆ ಎದ್ದು, ಮೂಲೆಯಲ್ಲಿದ್ದ ಕೆಟಲನ್ನು ಎತ್ತಿಕೊಂಡು ಅಂಗಳಕ್ಕೆ ಹೋದಳು. ಅದರ ನೀರನ್ನು ಅದೇ ಚಮಚಕ್ಕೆ ಬಗ್ಗಿಸಿ, ಒಂದೇ ಒಂದು ಚಮಚ, ತುಳಸಿಯ ಬುಡಕ್ಕೆ ಹಾಕಿದಳು. ಅವಳು ಒಳಗೆ ಬರುವಷ್ಟರಲ್ಲಿ ಅಕ್ಕೋರು ಹೋಗಿದ್ದರು.