ವೈಪರಿನ ಹಲ್ಲು

ಇಪ್ಪತ್ಮೂರು ವರ್ಷ ಅವಳು ಊರವರಿಗೆಲ್ಲ ಹಲ್ಲು ಮಾಡಿಕೊಟ್ಟಳು. ಹಾಗಂತ ದಂತವೈದ್ಯೆಯೇನಲ್ಲ. ವೈದ್ಯರು ಕಳಿಸಿದ ಅಚ್ಚು ನೋಡಿ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಯಾರ ಬಾಯನ್ನೂ ಎದುರಿಗೆ ಕೂತು ನೋಡಿದವಳಲ್ಲ. ಆದರೆ ಬಸ್ಸಿನಲ್ಲಿ ಎದುರು ಸೀಟಿನವರು ನಕ್ಕರೆ ಸಾಕು, "ಮೇಲಿನ ಸಾಲು, ಎಡಗಡೆ ಎರಡನೇದು ನಂದೇ ರೀ" ಎಂದು ಗಂಡನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. ಲ್ಯಾಬಿನವರು ಹಲ್ಲಕ್ಕ ಅಂತ ಹೆಸರಿಟ್ಟರು. ಅವಳ ಅಣ್ಣ ಅದನ್ನು ಇನ್ನಷ್ಟು ಮೊಟಕು ಮಾಡಿ "ಹಲ್ಲಿ" ಅಂತ ಕರೆದು ಬೈಸಿಕೊಳ್ಳುತ್ತಿದ್ದ.

ಅವಳಿಗೆ ಐವತ್ತೊಂದಾದಾಗ ಲ್ಯಾಬು ಮುಚ್ಚಿತು. ಯಜಮಾನರಿಗೆ ವಯಸ್ಸಾಗಿತ್ತು, ಗಿರಾಕಿಗಳು ದೊಡ್ಡ ಕಂಪನಿಯ ಕಡೆ ಹೊರಳಿದ್ದರು. ಕೊನೆಯ ದಿನ ಅವರು ಮೂಲೆಯಲ್ಲಿದ್ದ ಹಳೆಯ ಸ್ಕ್ಯಾನರು, ತ್ರೀಡಿ ಪ್ರಿಂಟರು, ಬಿಸಿ ನೈಲಾನನ್ನು ಅಚ್ಚಿಗೆ ಒತ್ತುವ ಯಂತ್ರ, ಮೂರನ್ನೂ ತೋರಿಸಿ, "ತಗೊಂಡು ಹೋಗಮ್ಮ. ನಿನ್ನ ಕೈಗೆ ಪಳಗಿದಷ್ಟು ಇವು ಇನ್ಯಾರಿಗೂ ಪಳಗಿಲ್ಲ" ಎಂದರು. ಮನೆಯ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಅವನ್ನು ಇಟ್ಟಳು. ದಿನಾ ಬೆಳಿಗ್ಗೆ ಧೂಳು ಒರೆಸಿ, ಒಮ್ಮೆ ಚಾಲೂ ಮಾಡಿ, ಮತ್ತೆ ಆರಿಸಿ ಬರುತ್ತಿದ್ದಳು.

ಅಣ್ಣನದು ಎರಡು ಬೀದಿ ಆಚೆ ಗ್ಯಾರೇಜು. ಹಳೆಯ ಕಾರು ಬಿಟ್ಟರೆ ಬೇರೆ ಮುಟ್ಟುವವನಲ್ಲ. ಹೊಸದು ತಂದವರನ್ನು "ಇದರಲ್ಲಿ ಬಿಚ್ಚೋಕೆ ಏನೂ ಇಲ್ಲ" ಎಂದು ವಾಪಸ್ ಕಳಿಸುತ್ತಿದ್ದ. ಅವನ ಅತಿ ಹಳೆಯ ಗಿರಾಕಿ ಎಂದರೆ ಟೀಚರಮ್ಮ. ಶಾಲೆಯ ಟೀಚರಲ್ಲ, ಮೂವತ್ತೈದು ವರ್ಷ ಊರಿಗೆಲ್ಲ ಕಾರು ಓಡಿಸುವುದನ್ನು ಕಲಿಸಿದವರು. ಈಗ ಎಪ್ಪತ್ನಾಲ್ಕು ವರ್ಷ. ಅವರ ತಿಳಿನೀಲಿ ಕಾರಿಗೆ ಎರಡು ಬ್ರೇಕು, ಒಂದು ಕಲಿಯುವವರಿಗೆ, ಒಂದು ಅವರಿಗೆ. ಅವರ ಕಡೆಯದೇ ಹೆಚ್ಚು ಸವೆದಿತ್ತು.

ಆ ವರ್ಷದ ತಪಾಸಣೆಯಲ್ಲಿ ಕಾರು ಫೇಲಾಯಿತು. ತಪಾಸಣೆ ಅಧಿಕಾರಿ ಒಂದು ಕಾಲದಲ್ಲಿ ಅದೇ ಕಾರಿನಲ್ಲಿ ಕಲಿತವನು, ಎರಡು ಸಲ ಅದನ್ನು ಕಂಬಕ್ಕೆ ಗುದ್ದಿದವನು ಬೇರೆ. ಕೈ ಹಿಸುಕಿಕೊಳ್ಳುತ್ತ ಹೇಳಿದ: "ಟೀಚರ್, ವೈಪರ್ ಓಡ್ತಿಲ್ಲ. ಪಾಸ್ ಮಾಡೋಕಾಗಲ್ಲ. ಅರವತ್ತು ದಿನ ಟೈಮ್ ಇದೆ. ಅಷ್ಟರಲ್ಲಿ ಸರಿ ಮಾಡಿಸದಿದ್ರೆ ನೋಂದಣಿ ರದ್ದು. ಆಮೇಲೆ ಗುಜರಿಗೇ."

"ಸರಿಯಾಗೇ ಮಾಡಿದೀಯ" ಎಂದರು ಟೀಚರಮ್ಮ. "ಮುಖ ನೋಡಿ ಬಿಟ್ಟುಬಿಟ್ಟಿದ್ರೆ ನಿನಗೆ ಕಲಿಸಿದ್ದಕ್ಕೆ ನಾಚ್ಕೋತಿದ್ದೆ."

ಕಾರನ್ನು ನೇರ ಅಣ್ಣನ ಗ್ಯಾರೇಜಿಗೆ ತಂದು ನಿಲ್ಲಿಸಿದರು. ಅಣ್ಣ ಮೋಟಾರು ಬಿಚ್ಚಿದ. ಒಳಗೆ ನೈಲಾನಿನ ಗಿಯರು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ನಲವತ್ತೆರಡು ಹಲ್ಲಿನಲ್ಲಿ ಐದು ಉದುರಿದ್ದವು, ಉಳಿದವು ಸವೆದಿದ್ದವು. ತಯಾರಕರು ಆ ಬಿಡಿಭಾಗ ನಿಲ್ಲಿಸಿ ಮೂವತ್ತು ವರ್ಷವಾಗಿತ್ತು. ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ. ಬೇರೆ ಕಾರಿನ ಎರಡು ಮೋಟಾರು ತಂದು ಕೂರಿಸಿ ನೋಡಿದ, ಒಂದೂ ಕೂರಲಿಲ್ಲ. ಮೂವತ್ತೆಂಟು ದಿನ ಹೀಗೇ ಕಳೆದವು.

ಒಂದು ಮಧ್ಯಾಹ್ನ ತಂಗಿಯ ಮನೆಗೆ ಊಟಕ್ಕೆ ಬಂದವನು ಜೇಬಿನಿಂದ ಗಿಯರು ತೆಗೆದು ತಟ್ಟೆಯ ಪಕ್ಕ ಇಟ್ಟ. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಇಡೀ ಕಾರು ಗಟ್ಟಿಯಾಗಿದೆ, ಇಷ್ಟೇ ಇಷ್ಟು ಚೂರಿಗೋಸ್ಕರ ಗುಜರಿಗೆ ಹೋಗ್ತಿದೆ. ಟೀಚರಮ್ಮನಿಗೆ ಏನಂತ ಹೇಳ್ಲಿ?"

ಅವಳು ಕೈ ತೊಳೆದು ಬಂದು ಗಿಯರನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದನ್ನ ನಾನು ಮಾಡಿಕೊಡ್ಲಾ?"

"ಇದೇನು ಅಜ್ಜನ ಬಾಯಾ? ಇದು ಮೋಟಾರು ಕಣೇ."

"ಹಲ್ಲು ತಾನೆ?" ಎಂದಳು ಅವಳು.

ಅವಳ ಗಂಡ ತಲೆ ಎತ್ತದೆ, "ಇನ್ನು ಊಟ ಮರೆತುಬಿಡಿ ಭಾವ" ಎಂದ.

ಸ್ಕ್ಯಾನರಿನ ಪುಟ್ಟ ತಿರುಗುಮಣೆಯ ಮೇಲೆ ಗಿಯರು ಸುತ್ತಿತು. ಬೆಳಕಿನ ಪಟ್ಟೆಗಳು ಅದರ ಮೈ ಸವರುತ್ತಿದ್ದಂತೆ ಆಕಾರ ಪರದೆಯ ಮೇಲೆ ಮೂಡಿತು. ಉದುರಿದ ಐದು ಹಲ್ಲಿನ ಜಾಗಕ್ಕೆ ಪಕ್ಕದ ಹಲ್ಲನ್ನೇ ನಕಲು ಮಾಡಿ ತುಂಬಿದಳು. ಪ್ರಿಂಟರಿನ ತೊಟ್ಟಿಯಲ್ಲಿದ್ದ ರಾಳದ ದ್ರವ, ಬೆಳಕು ಬಿದ್ದಲ್ಲೆಲ್ಲ ಪದರ ಪದರವಾಗಿ ಗಟ್ಟಿಯಾಗುತ್ತ ಸಂಜೆಗೆ ಹೊಸ ಗಿಯರು ಸಿದ್ಧ. ನೋಡಲು ತದ್ರೂಪು. ಅಣ್ಣ ಮೋಟಾರಿಗೆ ಕೂರಿಸಿ ಸ್ವಿಚ್ಚು ಒತ್ತಿದ. ವೈಪರು ನಾಲ್ಕು ಸಲ ಬೀಸಿತು. ಅವಳ ಮುಖ ಊರಗಲವಾಯಿತು. ಐದನೇ ಸಲ ಕಟಕಟ ಸದ್ದಾಗಿ ನಿಂತಿತು. ಬಿಚ್ಚಿದರೆ ಒಳಗೆ ಬರೀ ಪುಡಿ.

ಅಣ್ಣ ಹಂಗಿಸಲಿಲ್ಲ, ಅದೇ ಹೆಚ್ಚು ನೋಯಿಸಿತು. "ಇರಲಿ ಬಿಡು, ಪ್ರಯತ್ನ ಪಟ್ಟೆಯಲ್ಲ" ಎಂದು ಪುಡಿಯನ್ನು ಕಸದ ಡಬ್ಬಿಗೆ ಸುರಿದ. ಅವಳು ಡಬ್ಬಿಗೆ ಕೈ ಹಾಕಿ ಚೂರುಗಳನ್ನು ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಬಂದಳು.

ಮಾರನೆಯ ದಿನವೆಲ್ಲ ಆ ಚೂರುಗಳನ್ನು ಮಸೂರದ ಕೆಳಗಿಟ್ಟು ನೋಡಿದಳು. ಎರಡು ತಪ್ಪು ಕಂಡವು. ಒಂದು, ಆ ವಸ್ತು ಗಟ್ಟಿ ನಿಜ, ಆದರೆ ಬಾಗುವುದಿಲ್ಲ, ಪೆಟ್ಟು ಬಿದ್ದರೆ ಒಡೆಯುತ್ತದೆ. ಅದಕ್ಕೆ ಮದ್ದು ಅವಳಿಗೆ ಗೊತ್ತಿತ್ತು. ಬಾಗುವ ಕಟ್ಟುಹಲ್ಲನ್ನು ಅವಳು ನೈಲಾನಿನಲ್ಲೇ ಮಾಡುತ್ತಿದ್ದುದು. ಪ್ರಿಂಟ್ ಮಾಡಿದ ಗಿಯರನ್ನು ಪ್ಲಾಸ್ಟರಿನಲ್ಲಿ ಹೂತು, ಅಚ್ಚು ತೆಗೆದು, ಆ ಪೊಳ್ಳಿಗೆ ಬಿಸಿ ನೈಲಾನು ಒತ್ತಬೇಕು. ಆರಿದಾಗ ಕುಗ್ಗುತ್ತದಾದ್ದರಿಂದ ಮೊದಲೇ ಕೂದಲೆಳೆಯಷ್ಟು ದೊಡ್ಡದು ಮಾಡಬೇಕು.

ಎರಡನೆಯದು ಸಂಜೆ ಚಹಾ ಸೋಸುವಾಗ ಹೊಳೆಯಿತು. ಪಾತ್ರೆ ಅಲ್ಲೇ ಇಟ್ಟು ಗ್ಯಾರೇಜಿಗೆ ಓಡಿದಳು.

"ಅಣ್ಣ, ನಾನು ನಕಲು ಮಾಡಿದ್ದು ಸವೆದ ಹಲ್ಲನ್ನ. ನಲವತ್ತಾರು ವರ್ಷ ದುಡಿದ ಹಲ್ಲು ಅದು. ಹೊಸದಾಗಿದ್ದಾಗ ಅದು ಹಾಗಿರಲೇ ಇಲ್ಲ!"

"ಹೊಸದಾಗಿದ್ದಾಗ ಹೇಗಿತ್ತು ಅಂತ ಯಾರನ್ನ ಕೇಳ್ತೀಯ? ನಕ್ಷೆ ಎಲ್ಲಿದೆ?"

"ಎದುರು ಹಲ್ಲನ್ನ ಕೇಳ್ತೀನಿ. ಬಾಯಲ್ಲಿ ಒಂದು ಹಲ್ಲು ಹೋದ್ರೆ ಅದರ ಆಕಾರ ಕೆಳಗಿನ ಹಲ್ಲು ಹೇಳುತ್ತೆ. ಈ ಗಿಯರನ್ನ ಕಚ್ಚಿ ತಿರುಗಿಸೋದು ಯಾವುದು?"

ಅಣ್ಣ ಮೋಟಾರಿನ ದಂಡವನ್ನು ಎತ್ತಿ ತೋರಿಸಿದ. ತುದಿಯಲ್ಲಿ ತಿರುಪಿನಂಥ ಸುರುಳಿ. ಉಕ್ಕಿನದು, ಒಂದಿಷ್ಟೂ ಸವೆದಿರಲಿಲ್ಲ. ಅವಳು ಅದನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಎಂಟು ದಿನ ಹಿಡಿಯಿತು. ಉಕ್ಕಿನ ಸುರುಳಿಯನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಗಿಯರಿನ ಪಕ್ಕ ನಿಲ್ಲಿಸಿ, ಎರಡೂ ಸರಿಯಾಗಿ ಕಚ್ಚಿಕೊಳ್ಳುವ ತನಕ ಹಲ್ಲಿನ ಆಕಾರವನ್ನು ತಿದ್ದಿದಳು. ಊಟದ ಮೇಜಿನ ತುಂಬ ಪ್ಲಾಸ್ಟರು. ಗಂಡ ಸೋಫಾದಲ್ಲಿ ತಟ್ಟೆ ಹಿಡಿದು ಉಣ್ಣುವುದನ್ನು ರೂಢಿಸಿಕೊಂಡ. ಮೊದಲ ನೈಲಾನ್ ಗಿಯರು ಬಿಗಿಯಾಗಿ ಸಿಕ್ಕಿಕೊಂಡಿತು. ಮೋಟಾರು ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ.

ಈ ಸಲ ಅವಳು ಗಾಬರಿಯಾಗಲಿಲ್ಲ. ಹಲ್ಲಿನ ವೈದ್ಯರು "ಕಚ್ಚಿ ನೋಡಿ" ಅಂತ ಬಾಯಲ್ಲಿ ಇಡುತ್ತಾರಲ್ಲ, ಆ ತೆಳು ನೀಲಿ ಕಾಗದ, ಅದನ್ನು ಚೀಲದಿಂದ ತೆಗೆದು ಗಿಯರಿಗೂ ಸುರುಳಿಗೂ ನಡುವೆ ಇಟ್ಟು ಕೈಯಿಂದ ಮೆಲ್ಲಗೆ ತಿರುಗಿಸಿದಳು. ಎಲ್ಲೆಲ್ಲಿ ಬಿಗಿಯೋ ಅಲ್ಲೆಲ್ಲ ನೀಲಿ ಚುಕ್ಕೆ ಬಿತ್ತು. ಪ್ರತಿ ಹಲ್ಲಿನ ಬುಡದಲ್ಲಿ, ಒಂದೇ ಕಡೆ. ಅಣ್ಣ ಬಗ್ಗಿ ನೋಡಿದ. ನಲವತ್ತು ವರ್ಷ ಸ್ಪ್ಯಾನರು ಹಿಡಿದವನು ಒಂದೊಂದು ಚುಕ್ಕೆಗೂ ಬೆರಳಿಟ್ಟು ಎಣಿಸಿದ. ಆಮೇಲೆ ಹೇಳಿದ: "ಆ ಕಾಗದ ನನಗೂ ಸ್ವಲ್ಪ ಕೊಟ್ಟಿರು."

ಚುಕ್ಕೆ ಬಿದ್ದ ಜಾಗವನ್ನಷ್ಟೇ ತಿದ್ದಿ ಒತ್ತಿದ ಮೂರನೇ ಗಿಯರು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ತಿರುಗಿತು. ಅಣ್ಣ ಅಷ್ಟಕ್ಕೇ ನಂಬುವವನಲ್ಲ. ಬೆಳಿಗ್ಗೆ ಹತ್ತಕ್ಕೆ ಗಾಜಿನ ಮೇಲೆ ಪೈಪಿನಿಂದ ನೀರು ಬಿಟ್ಟು ವೈಪರು ಚಾಲೂ ಮಾಡಿ ಎದುರಿಗೆ ಸ್ಟೂಲು ಹಾಕಿಕೊಂಡು ಕೂತ. ಹನ್ನೊಂದಾಯಿತು, ಹನ್ನೆರಡಾಯಿತು. ಚಹಾ ತಣ್ಣಗಾಯಿತು. ದಾರಿಹೋಕರು ನಿಂತು, "ಬಿಸಿಲಲ್ಲಿ ಯಾಕೆ ವೈಪರ್ ಹಾಕಿದೀರಿ?" ಎಂದು ಕೇಳಿದರು. ಮೂರು ಗಂಟೆಗೆ ಅಣ್ಣ ಮೋಟಾರು ಬಿಚ್ಚಿ, ಗಿಯರು ಒರೆಸಿ, ಒಂದೊಂದೇ ಹಲ್ಲಿನ ಮೇಲೆ ಉಗುರು ಆಡಿಸಿದ. ನಲವತ್ತೆರಡೂ ಇದ್ದವು. ಒಂದರ ಮೇಲೂ ಗೀರಿಲ್ಲ. ಎಣ್ಣೆ ಕೈಯಲ್ಲೇ ತಂಗಿಯ ತಲೆ ಸವರಿಬಿಟ್ಟ. ಅವಳೂ ಬೈಯಲಿಲ್ಲ.

ಐವತ್ತೇಳನೇ ದಿನ ಅಣ್ಣ, ತಂಗಿ, ಟೀಚರಮ್ಮ ಮೂವರೂ ಕಾರಿನಲ್ಲಿ ತಪಾಸಣೆಗೆ ಹೋದರು. ಓಡಿಸಿದ್ದು ಟೀಚರಮ್ಮ. ಅಧಿಕಾರಿ ದೀಪ ನೋಡಿದ, ಬ್ರೇಕು ನೋಡಿದ, ಎಲ್ಲ ಮುಗಿದ ಮೇಲೆ ಗಾಜಿಗೆ ನೀರು ಚಿಮುಕಿಸಿ, ವೈಪರು ಹಾಕಿ ಎಂದು ಅಳುಕುತ್ತಲೇ ಕೈ ಎತ್ತಿದ. ವೈಪರು ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಮತ್ತೆ ಬಲಕ್ಕೆ ಹೋಯಿತು. ಹಿಂದಿನ ಸೀಟಿನಲ್ಲಿ ಹಲ್ಲಕ್ಕ ಎಣಿಸುತ್ತಿದ್ದಳು. ಐದು ದಾಟಿತು. ಐವತ್ತು ದಾಟಿತು.

"ಸಾಕು ಟೀಚರ್, ಸಾಕು!" ಅಧಿಕಾರಿಗೆ ತನ್ನ ಸಂತೋಷ ಅಡಗಿಸಲು ಆಗಲಿಲ್ಲ. "ಎಲ್ಲಿ ಸಿಕ್ತು ಇದು? ಈ ಪಾರ್ಟ್ ಬರೋದೇ ಇಲ್ಲವಲ್ಲ?"

"ಕಾರಿಗೂ ವಯಸ್ಸಾಯ್ತಲ್ಲಪ್ಪ" ಎಂದರು ಟೀಚರಮ್ಮ. "ಹಲ್ಲು ಕಟ್ಟಿಸಿದೆ."

ಅವನು ನಗುತ್ತಲೇ ಮುದ್ರೆ ಒತ್ತಿದ. ಟೀಚರಮ್ಮ ಆ ಕಾಗದವನ್ನು ಹಿಂದಕ್ಕೆ ಚಾಚಿ ಹಲ್ಲಕ್ಕನ ಕೈಗೇ ಕೊಟ್ಟರು. "ನೀನೇ ಹಿಡ್ಕೋ. ಇದು ನಿನ್ನ ಪಾಸು." ಲ್ಯಾಬು ಮುಚ್ಚಿದ ದಿನವೂ ಅಳದವಳು ಅವತ್ತು ಅತ್ತಳು, ನಗುತ್ತ ಅತ್ತಳು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಹಳೆಯ ಕಾರು ಇದ್ದವರೆಲ್ಲ ಮುರಿದ ಹಿಡಿ, ಬಿರುಕುಬಿಟ್ಟ ದೀಪದ ಚೌಕಟ್ಟು, ಕಿಟಕಿ ಇಳಿಸುವ ಗಿಯರು ಹಿಡಿದು ಬಂದರು. ಅಣ್ಣ ಗ್ಯಾರೇಜಿನಲ್ಲಿ ಗೋಡೆ ಹಾಕಿಸಿ, ಧೂಳು ಬಾರದ ಹಾಗೆ ಅವಳಿಗೊಂದು ಕೋಣೆ ಮಾಡಿಕೊಟ್ಟ. ಊಟದ ಮೇಜು ಗಂಡನಿಗೆ ವಾಪಸ್ ಸಿಕ್ಕಿತು. ಬ್ರೇಕಿನದೋ ಸ್ಟೀರಿಂಗಿನದೋ ಚೂರು ತಂದರೆ ಮಾತ್ರ ಅವಳು ಒಪ್ಪುವುದಿಲ್ಲ. "ಜೀವ ಹಿಡಿದಿಡೋ ಸಾಮಾನು ನನ್ನ ಮೇಜಿನ ಮೇಲೆ ಬೇಡ" ಎನ್ನುತ್ತಾಳೆ. ಅದೇ ಮಾದರಿಯ ಕಾರು ಇಟ್ಟುಕೊಂಡವರು ದೂರದ ಊರುಗಳಿಂದ, ಬೇರೆ ದೇಶಗಳಿಂದ ಆ ವೈಪರ್ ಗಿಯರಿಗೆ ಬರೆಯತೊಡಗಿದರು. ಟೀಚರಮ್ಮ ಗಿಯರಿನ ಕೂಲಿಯನ್ನು ತಮ್ಮ ರೀತಿಯಲ್ಲೇ ಕೊಟ್ಟರು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳಕ್ಕೆ, ಎರಡು ಬ್ರೇಕಿನ ಕಾರಿನಲ್ಲಿ ಅದುವರೆಗೆ ಸ್ಟೀರಿಂಗು ಮುಟ್ಟಿರದ ಹಲ್ಲಕ್ಕನನ್ನು ಕಲಿಯುವವರ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು.

ಮೊನ್ನೆ ಒಬ್ಬರು ಗ್ಯಾರೇಜಿಗೆ ಬಂದು ಕಾರು ರೇಡಿಯೋದ ಒಂದು ಮುರುಕು ಗುಂಡಿ ತೋರಿಸಿ, "ಇದು ಆಗುತ್ತಾ ಸ್ವಾಮಿ?" ಎಂದು ಅಣ್ಣನನ್ನು ಕೇಳಿದರು.

"ನನ್ನ ಕೇಳಬೇಡಿ. ಅದೆಲ್ಲ ನನ್ನ ತಂಗೀಗೆ ಬಿಟ್ಟಿದ್ದು."

"ಒಳಗಿದಾರಾ?"

"ಇಲ್ಲ, ನಲವತ್ತೊಂದನೇ ಗಿಯರು ಪಾರ್ಸೆಲ್ ಮಾಡೋಕೆ ಅಂಚೆ ಕಚೇರಿಗೆ ಹೋಗಿದಾಳೆ" ಎಂದ ಅಣ್ಣ. ಆಮೇಲೆ, ಅವರು ಕೇಳದಿದ್ದರೂ, ಇಡೀ ಬೀದಿಗೆ ಕೇಳುವಂತೆ ಸೇರಿಸಿದ: "ಕಾರಲ್ಲಿ. ಅವಳೇ ಓಡಿಸ್ಕೊಂಡು."