ಅಜ್ಜ ನಮ್ಮ ಮಾತಿಗೆ ತಾರದ ಸಾಲು

ಹತ್ತಿಯ ಸೀರೆಗೆ ಗಂಜಿ ಹಾಕಿ ಬಿಸಿಲಿಗೆ ಹರವಿದಾಗ ಏಳುವ ಒಂದು ವಾಸನೆಯಿದೆ, ನಿಮಗೂ ಗೊತ್ತಿರಬಹುದು. ಹುಳಿಯೂ ಅಲ್ಲ, ಸಿಹಿಯೂ ಅಲ್ಲ. ಅನ್ನ ಬಸಿದ ಪಾತ್ರೆಯ ಅಂಚಿನಲ್ಲಿ ಒಣಗಿ ನಿಂತ ಪೊರೆಯ ವಾಸನೆ. ಮೊನ್ನೆ ನವನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಲೂಸಿ ಅತ್ತೆಯ ಇಳಕಲ್ಲ ಸೀರೆಯನ್ನು ಹರವುತ್ತಿದ್ದೆ, ಕೆಂಪು ರೇಷ್ಮೆ ಸೆರಗಿಗೆ ಗಂಜಿ ತಾಗದಂತೆ ಒಂದು ಕೈಯಲ್ಲಿ ಎತ್ತಿ ಹಿಡಿದು. ಅತ್ತೆ ತೀರಿಕೊಂಡ ಮೇಲೆ ಅದು ನನಗೆ ಬಂದದ್ದು. ಗಾಳಿ ಒಮ್ಮೆ ಬೀಸಿತು ನೋಡಿ, ಇಳಕಲ್ಲಿನ ಮನೆ ಹಾಗೆಯೇ ಎದುರಿಗೆ ಬಂದು ನಿಂತಿತು. ಪಡಸಾಲೆಯ ನೆಲದಲ್ಲಿ ತೋಡಿದ ಮಗ್ಗದ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತ ಅಜ್ಜ, ಗೋಡೆಯ ಮೇಲೆ ದೇವಮಾತೆಯ ಪಟ, ಪಟದ ಗಾಜಿಗೆ ಅಂಟಿದ ಹತ್ತಿಯ ನವಿರು. ಎಷ್ಟು ಒರೆಸಿದರೂ ಸಂಜೆಯ ಹೊತ್ತಿಗೆ ಮರಿಯಮ್ಮನ ಮುಖ ಮತ್ತೆ ಮಸುಕು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಕುಣಿಯನ್ನು ಮುಚ್ಚಿ ಮೇಲೆ ಫರಸಿ ಹಾಸಿದ್ದಾರೆ.

ನಮ್ಮದು ನೇಯುವ ಕಥೋಲಿಕ ಮನೆ. ಓಣಿಯಲ್ಲಿ ಉಳಿದವರೆಲ್ಲ ಬೇರೆ ದೇವರುಗಳ ನೇಕಾರರು. ಅಜ್ಜ ಚೌರಪ್ಪ ವಾರವೆಲ್ಲ ನೇಯುತ್ತಿದ್ದ, ಭಾನುವಾರ ಉಪದೇಶಿಯಾಗುತ್ತಿದ್ದ. ಮಕ್ಕಳಿಗೆ ಜಪ ಕಲಿಸುವುದು, ಚರ್ಚಿನ ಪೂಜೆಗೆ ಎಲ್ಲ ಅಣಿಮಾಡುವುದು ಅವನದೇ ಕೆಲಸ. ಆ ದಿನ ಮಗ್ಗಕ್ಕೆ ಹಳೆಯ ದುಪ್ಪಟಿ ಹೊದಿಸುತ್ತಿದ್ದ, ಮಲಗಿದ ಮಗುವಿಗೆ ಹೊದಿಸಿದಂತೆ. ಧರ್ಮಾಧ್ಯಕ್ಷರಿಂದ, ಅಂದರೆ ಬಿಷಪ್ಪರಿಂದ, ಚರ್ಚಿಗೆ ಆಗಾಗ ಪತ್ರ ಬರುತ್ತಿತ್ತು. ಕೂಲಿಯವರ ಬಗ್ಗೆ, ವರದಕ್ಷಿಣೆಯ ಬಗ್ಗೆ, ಕುಡಿತದ ಬಗ್ಗೆ, ಹೊಟ್ಟೆಯೊಳಗಿನ ಕೂಸಿನ ಬಗ್ಗೆ. ಫಾದರ್ ಅದನ್ನು ಪೂಜೆಯಲ್ಲಿ ಓದಿದಾಗ ಚರ್ಚಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಭಾಷೆ ಅಷ್ಟು ದೊಡ್ಡದು. ಅಜ್ಜ ಪತ್ರವನ್ನು ಕೇಳಿ ಪಡೆದು ಮನೆಗೆ ತರುತ್ತಿದ್ದ. ಊಟವಾದ ಮೇಲೆ ಕುಣಿಯ ಅಂಚಿನಲ್ಲಿ ಕೂತು, ಒಂದೊಂದು ಸಾಲನ್ನೂ ಮೊದಲು ತುಟಿಯಲ್ಲೇ ಓದಿಕೊಂಡು, ಆಮೇಲೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ಇದು ನಮ್ಮ ಮನೆಯ ಪದ್ಧತಿ. ಪಕ್ಕದ ಮನೆಯ ಶಂಕ್ರವ್ವ ಕೂಡ ಎಲೆಅಡಿಕೆ ಚೀಲ ಹಿಡಿದು ಬಂದು ಕೂರುತ್ತಿದ್ದಳು.

"ದುಡಿಯೋ ಮನಷ್ಯಾನ್ನ ಮನಷ್ಯಾನಂಗ ನಡಸ್ಕೋರಿ ಅಂದಾರ," ಎನ್ನುತ್ತಿದ್ದ ಅಜ್ಜ.

"ಇಷ್ಟ ಹೇಳಾಕ ನಿಮ್ಮ ಸ್ವಾಮಿಗೋಳಿಗೆ ಅಷ್ಟುದ್ದ ಕಾಗದ ಬೇಕಾತೇನೋ ಕಾಕಾ?"

"ಕಾಗದ ಉದ್ದ ಇದ್ರ ಸಾವಕಾರ್ಗೆ ನಾಚಿಕಿ ಬಂದೀತು ಅಂತ ಬರದಾರವಾ."

"ನಮ್ಮ ಸಾವಕಾರ್ಗೇನ? ಬಂತಾಳ ನಾಚಿಕಿ!"

ಲೂಸಿ ಅತ್ತೆ ಅಪ್ಪನ ತಂಗಿ. ಅವಳ ಗಂಡ ಸೊಲ್ಲಾಪುರಕ್ಕೆ ದುಡಿಯಲು ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. ಅತ್ತೆ ಟ್ರಂಕು ಹಿಡಿದು ತೌರಿಗೆ ಬಂದಳು. ಬಾಗಲಕೋಟೆಯ ಕೋರ್ಟಿನಲ್ಲಿ ಬಿಡುಗಡೆಯೂ ಆಯಿತು. ಅವಳು ಕೊಂಡಿ ಹಾಕುವುದರಲ್ಲಿ ಗಟ್ಟಿ. ಸೀರೆಯ ಮೈಯ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವ ಕೆಲಸ ಅದು. ಅತ್ತೆ ಹಾಕಿದ ಕೊಂಡಿಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರೆ ಹತ್ತಿ ಎಲ್ಲಿ ಮುಗಿಯಿತು, ರೇಷ್ಮೆ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಹುನಗುಂದದ ಟೇಲರ್ ಜೋಜಪ್ಪ, ಹೆಂಡತಿ ಸತ್ತವನು, ಪೂಜೆ ಮುಗಿಸಿ ನಮ್ಮಲ್ಲಿ ಚಹಾ ಕುಡಿದು ಹೋಗುತ್ತಿದ್ದ. ಆಮೇಲಾಮೇಲೆ ಚಹಾ ಮುಗಿದರೂ ಬಸ್ಸಿನ ನೆನಪಾಗುತ್ತಿರಲಿಲ್ಲ ಅವನಿಗೆ. ಒಂದು ದಿನ ಅತ್ತೆಯನ್ನು ತನಗೆ ಕೊಡುತ್ತೀರಾ ಎಂದು ಅಜ್ಜನನ್ನು ನೇರವಾಗಿ ಕೇಳಿಯೇಬಿಟ್ಟ. ಅಜ್ಜ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೋರ್ಟು ಬಿಡಿಸಿದ್ದರೂ ನಮ್ಮ ಧರ್ಮದಲ್ಲಿ ಗಂಡ ಬದುಕಿರುವಾಗ ಇನ್ನೊಂದು ಮದುವೆಯಾದರೆ ಪರಮಪ್ರಸಾದ, ಯೇಸುವಿನ ಶರೀರವೆಂದು ಪೂಜೆಯಲ್ಲಿ ನೀಡುವ ರೊಟ್ಟಿ, ಕೊಡುವುದಿಲ್ಲ. ಅತ್ತೆಗೋ ಎರಡೂ ಬೇಕಾಗಿತ್ತು, ಜೋಜಪ್ಪನೂ, ಪ್ರಸಾದವೂ.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಬಂದ ಪತ್ರ ಕುಟುಂಬದ ಬಗ್ಗೆಯೇ ಇತ್ತು. ಆ ಮಧ್ಯಾಹ್ನ ಅತ್ತೆ ಮೊರದಲ್ಲಿ ಜೋಳದ ಹರಳು ಆರಿಸುತ್ತಿದ್ದಳು. ಅಜ್ಜ ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ಹೇಳಿದ, ಹೆಂಡತಿಯ ಮೇಲೆ ಕೈ ಎತ್ತಬಾರದೆನ್ನುವುದನ್ನು ಹೇಳಿದ, ಆಮೇಲೆ ಅಲ್ಲಿಗೇ ನಿಲ್ಲಿಸಿದ. ಮುಂದಿನ ಸಾಲನ್ನು ತುಟಿಯಲ್ಲೇ ಎರಡು ಸಲ ಓದಿಕೊಂಡ.

"ಹೇಳ ಯಪ್ಪಾ," ಅಂದಳು ಅತ್ತೆ, ಮೊರದಿಂದ ತಲೆ ಎತ್ತದೆ. "ನಾನೂ ಕೇಳ್ತೇನಿ."

ಅಜ್ಜ ಓದಿದ: ದೇವರು ಕೂಡಿಸಿದ್ದನ್ನು ಮನುಷ್ಯರು ಬೇರ್ಪಡಿಸಬಾರದು, ವಿವಾಹದ ಬಂಧ ಮರಣದವರೆಗೆ. ಮುಂದಿನ ಸಾಲು: ಪರಿತ್ಯಕ್ತ ಸ್ತ್ರೀಯರನ್ನು ದೂರ ತಳ್ಳಬೇಡಿ, ಧರ್ಮಸಭೆ ಅವರಿಗೆ ತಾಯಿ. ಎರಡನ್ನೂ ಪುಸ್ತಕದ ಕನ್ನಡದಲ್ಲೇ, ಫಾದರ್ ಓದಿದಂತೆಯೇ ಓದಿದ. ಅಷ್ಟು ವರ್ಷಗಳಲ್ಲಿ ಅವನು ನಮ್ಮ ಮಾತಿಗೆ ತಾರದೆ ಬಿಟ್ಟದ್ದು ಅವೆರಡನ್ನೇ.

"ಹಂಗಂದ್ರ ಏನಾತೋ ಕಾಕಾ?" ಶಂಕ್ರವ್ವನಿಗೆ ತಡೆಯಲಾಗಲಿಲ್ಲ. "ಹುಡುಗೀನ್ನ ಬಾ ಅಂತಾರೋ, ಬ್ಯಾಡ ಅಂತಾರೋ?"

"ಎರಡೂ ಅಂದಾರವಾ," ಎಂದ ಅಜ್ಜ, ಪತ್ರವನ್ನು ಮಡಚುತ್ತ.

ನಾನು ಆಗ ಕಾನ್ವೆಂಟಿನ ಬಿಳಿ ರಿಬ್ಬನ್ನಿನ ಹುಡುಗಿ. ಒಂದೇ ಕಾಗದದಲ್ಲಿ ಎರಡೂ ಹೇಗೆ ಇರುತ್ತವೆ ಎಂದು ಶಾಲೆಯಲ್ಲಿ ಸಿಸ್ಟರನ್ನು ಕೇಳಿದೆ. ಅವರು ನನ್ನ ರಿಬ್ಬನ್ ಬಿಚ್ಚಿ ಮತ್ತೆ ನೆಟ್ಟಗೆ ಕಟ್ಟಿ, ದೊಡ್ಡವಳಾದ ಮೇಲೆ ಕೇಳು ಮಗು ಎಂದರು. ಈಗ ದೊಡ್ಡವಳಾಗಿದ್ದೇನೆ. ಯಾರನ್ನು ಕೇಳಬೇಕೋ ತಿಳಿಯುತ್ತಿಲ್ಲ.

ಫಾದರ್ ಒಳ್ಳೆಯವರು. ಮಂಗಳೂರು ಕಡೆಯವರು, ಮನೆಗೇ ಬಂದರು. "ದಾರಿ ಇಲ್ಲವೆಂದಲ್ಲ ಲೂಸಿ," ಎಂದರು. "ಆ ಮದುವೆ ಮೊದಲಿನಿಂದಲೇ ಸಿಂಧುವಾಗಿರಲಿಲ್ಲ ಎಂದು ಧರ್ಮಸಭೆಯ ನ್ಯಾಯಮಂಡಳಿ ತೀರ್ಮಾನಿಸಿದರೆ ನೀನು ಚರ್ಚಿನಲ್ಲೇ ಮದುವೆಯಾಗಬಹುದು. ನೀನು ಕೇಳಿಕೊಳ್ಳಬೇಕು, ಅಷ್ಟೆ."

"ಅಂದ್ರ ಲಗ್ನ ಆಗೇ ಇರಲಿಲ್ಲ ಅಂತ ಹೇಳಬೇಕೇನ್ರಿ ಫಾದರ್?"

"ಹಾಗೆಂದಲ್ಲ. ಅದರಲ್ಲಿ ಏನೋ ಕೊರತೆ ಇತ್ತು ಎಂದು..."

"ಅಂವ ಬಿಟ್ಟು ಹೋಗಿದ್ದು ಖರೆ. ಆದ್ರ ಅವತ್ತ ನಾವಿಬ್ರೂ ಹೂಂ ಅಂದಿದ್ದೂ ಖರೆನ ಇತ್ತಲ್ರಿ. ಭಾಳ ಚಂದ ಬಾಳೇ ಮಾಡೇವಿ, ಮೊದಮೊದಲ. ಇದ್ದದ್ದನ್ನ ಇರಲಿಲ್ಲ ಅಂತ ದೇವರ ಮುಂದ ಹೆಂಗ ಹೇಳ್ಲಿ?"

ಫಾದರ್ ಲೋಟ ಕೆಳಗಿಟ್ಟರು. ಅವರ ಚಹಾದ ಮೇಲೆ ಕೆನೆ ಕಟ್ಟಿತು. ಏಳುವಾಗ ಅಜ್ಜನಿಗೆ, "ಚೌರಪ್ಪ, ನೀವಾದರೂ ಅವಳಿಗೆ ತಿಳಿಯುವಂತೆ ಹೇಳಿ," ಎಂದರು.

"ನನಗ ತಿಳದದ್ದನ್ನ ಹೇಳೇನ್ರಿ ಫಾದರ್. ಇದು ನನಗ ತಿಳೀಲಿಲ್ಲ. ಹಂಗಂತ ಇದನ್ನ ಸುಳ್ಳು ಅನ್ನಾಕೂ ಬಾಯಿ ಬರವಲ್ದು."

ಮದುವೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ಅತ್ತೆಯೇ ಅಲ್ಲವೇ ಎಂದು ಈಗಲೂ ಅನಿಸುತ್ತದೆ. ಆ ನಂಬಿಕೆಯೇ ಅವಳಿಗೆ ಚರ್ಚಿನ ಬಾಗಿಲನ್ನು ಮುಚ್ಚಿತು. ಇದನ್ನು ಯಾವ ಕಡೆಯಿಂದ ಹಿಡಿದರೂ ನನ್ನ ಕೈಯಲ್ಲಿ ಸಿಕ್ಕಾಗುತ್ತದೆ.

ಕಡೆಗೆ ಅತ್ತೆ ಹುನಗುಂದದ ರಿಜಿಸ್ಟರ್ ಕಚೇರಿಯಲ್ಲಿ ಜೋಜಪ್ಪನನ್ನು ಮದುವೆಯಾದಳು. ಅಜ್ಜ ಹೋಗಲಿಲ್ಲ. ಆದರೆ ಅದಕ್ಕೆ ಮುಂಚೆ ವಾರಗಟ್ಟಲೆ ಒಂದು ಸೀರೆ ನೇಯ್ದಿದ್ದ. ಸೆರಗು ಕೂಡಿಸುವ ಹೊತ್ತಿಗೆ ಅತ್ತೆ ಎಂದಿನಂತೆ ಬಂದು ಕೂತಾಗ, "ನಿನ್ನ ಸೀರಿಗೆ ನೀ ಕೊಂಡಿ ಹಾಕಬ್ಯಾಡ, ಏಳು," ಎಂದು ತಾನೇ ಹಾಕಿದ. ಅವನಿಗೆ ಆ ಕೆಲಸ ರೂಢಿಯಿರಲಿಲ್ಲ, ಕಣ್ಣೂ ಮಂದ. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ಎಳೆ ತಪ್ಪಿದಾಗಲೆಲ್ಲ ಅವಳ ಬೆರಳು ಗಾಳಿಯಲ್ಲೇ ಅಲ್ಲಾಡುತ್ತಿತ್ತು.

ಆಮೇಲೆ ಅತ್ತೆ ಭಾನುವಾರ ತಪ್ಪದೆ ಹುನಗುಂದದಿಂದ ಬಸ್ಸಿಗೆ ಬಂದು ಕಡೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಪ್ರಸಾದದ ಸಾಲು ಎದ್ದಾಗ ಏಳುತ್ತಿರಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕಾಲಬೆರಳು ನೋಡುತ್ತಿದ್ದಳು. ಅಜ್ಜ ಪ್ರಸಾದ ತೆಗೆದುಕೊಂಡು ಮುಂದಿನ ತನ್ನ ಜಾಗಕ್ಕೆ ಹೋಗುವ ಬದಲು ಚರ್ಚಿನ ಉದ್ದಕ್ಕೂ ನಡೆದು, ಹಿಂದೆ ಬಂದು ಮಗಳ ಪಕ್ಕದಲ್ಲಿ ಕೂರುತ್ತಿದ್ದ. ಜನ ಆಡಿಕೊಂಡರು. ಫಾದರ್ ತಡೆಯಲಿಲ್ಲ. ಪತ್ರ ಹೇಳುವುದನ್ನು ಮಾತ್ರ ಅಜ್ಜ ಬಿಟ್ಟುಬಿಟ್ಟ. ಶಂಕ್ರವ್ವ ಕೆಲವು ಭಾನುವಾರ ಚೀಲ ಹಿಡಿದು ಬಂದಳು, ಆಮೇಲೆ ಅವಳೂ ಬರಲಿಲ್ಲ. ಅಜ್ಜ ಹೋದ, ಮಗ್ಗ ಹೋಯಿತು, ಜೋಜಪ್ಪ ಮಾವ ಹೋದ, ಈಗ ಅತ್ತೆಯೂ.

ಈ ತಪಸ್ಸು ಕಾಲದಲ್ಲಿ ಇಲ್ಲಿಯ ಚರ್ಚಿನಲ್ಲೂ ಪತ್ರ ಓದಿದರು. ಮುರಿದ ಸಂಸಾರದವರ ಜೊತೆಯಲ್ಲಿ ನಡೆಯಿರಿ ಎಂದಿತ್ತು. ವಿವಾಹದ ಬಂಧ ಮರಣದವರೆಗೆ ಎಂದೂ ಇತ್ತು. ನಾನು ಅತ್ತೆಯ ಸೀರೆ ಉಟ್ಟಿದ್ದೆ. ಓದು ಮುಗಿಯುವವರೆಗೂ ಬೆರಳು ಅಜ್ಜ ಹಾಕಿದ ಕೊಂಡಿಯ ಮೇಲೇ ಆಡುತ್ತಿತ್ತು. ಹತ್ತಿ ಮುಗಿದು ರೇಷ್ಮೆ ಶುರುವಾಗುವಲ್ಲಿ ಗಂಟುಗಂಟಾಗಿ, ಒರಟಾಗಿ, ಯಾರಿಗಾದರೂ ತಿಳಿಯುವಂತಿದೆ. ಒಂದು ಎಳೆಯೂ ಬಿಚ್ಚಿಲ್ಲ. ಪ್ರಸಾದ ತೆಗೆದುಕೊಂಡು ತಿರುಗಿದೆ. ನನ್ನ ಬೆಂಚು ಮುಂದೆಯೇ ಇತ್ತು, ಅಲ್ಲಿಂದ ನನ್ನ ಮಗಳು ಕೈ ಮಾಡಿ ಕರೆದಳು. ಕಾಲು ನಿಲ್ಲಲಿಲ್ಲ, ಕಡೆಯ ಬೆಂಚಿನವರೆಗೂ ನಡೆದೆ. ಅಲ್ಲಿ ಯಾರೂ ಇರಲಿಲ್ಲ. ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತೆ.